ಗೌರಿ ಹೂವು ಬೇಸಿಗೆಯಲ್ಲಿ ಎಲ್ಲಿ ಹೋಗುತ್ತದೆ?

ಆಗಿನ್ನೂ ಭೂಮಿಯ ಮೈ ಹಸಿ ಇತ್ತು. ಗುಡ್ಡಗಳು ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದವು. ಹಳ್ಳಗಳು ಮಾತ್ರ ಯಾವ ಕಡೆ ಹರಿಯಬೇಕೆಂದು ಗಾಳಿಯನ್ನು ಕೇಳಿಕೊಂಡು ಮುಂದೆ ಹೋಗುತ್ತಿದ್ದವು.

ಆ ಕಾಲದಲ್ಲಿ ಗೌರಿ ಹೂವಿನ ಗಿಡ ಹುಲ್ಲುಬಯಲಿನಲ್ಲಿ ವರ್ಷವಿಡೀ ನಿಂತಿರುತ್ತಿತ್ತು. ಮಳೆಗಾಲದಲ್ಲೂ ನಿಂತಿರುತ್ತಿತ್ತು, ಚಳಿಗಾಲದಲ್ಲೂ ನಿಂತಿರುತ್ತಿತ್ತು, ಬೇಸಿಗೆಯಲ್ಲೂ ನಿಂತಿರುತ್ತಿತ್ತು. ನಿದ್ದೆ ಅಂದರೇನೆಂದೇ ಅದಕ್ಕೆ ಗೊತ್ತಿರಲಿಲ್ಲ. ಹೂವು ಹಾಲಿನ ಹಾಗೆ ಬೆಳ್ಳಗೆ. ಎಸಳುಗಳು ನೆಲದ ಕಡೆಗೆ ಇಳಿಬಿದ್ದಿರುತ್ತಿದ್ದವು.

ಆ ಸೀಮೆಯಲ್ಲಿ ಊರೇ ಇರಲಿಲ್ಲ. ಬಯಲಿನ ಅಂಚಿಗೆ ಒಂದು ಹಳ್ಳ. ಹಳ್ಳದ ಈಚೆ ದಂಡೆಯಲ್ಲಿ ಸಂಕವ್ವ ಎಂಬ ಹೆಣ್ಣುಮಗಳು ಗಂಡ ಬರಮಪ್ಪನ ಜೊತೆ ಗುಡಿಸಲು ಕಟ್ಟಿಕೊಂಡಿದ್ದಳು. ಹೊಸ ಸಂಸಾರ. ಬರಮಪ್ಪ ದನ ಹೊಡೆದುಕೊಂಡು ಹೋದರೆ ಸಂಜೆಗೇ ಬರುವುದು. ಸುತ್ತಮುತ್ತ ಬೇರೆ ಮನೆ ಇರಲಿಲ್ಲ. ಅದಕ್ಕೇ ಸಂಕವ್ವ ದಿನಾ ಹಳ್ಳ ದಾಟಿ ಹೋಗಿ ಗೌರಿ ಗಿಡಗಳ ಜೊತೆ ಮಾತಾಡುತ್ತಿದ್ದಳು.

“ಯವ್ವಾ, ಉಂಡೇನು?” ಎಂದು ಗಿಡಗಳು ಕೇಳುತ್ತಿದ್ದವು.

“ಉಂಡೆ. ನೀವು ನೀರು ಕುಡಿದ್ರೇನು?” ಎಂದು ಸಂಕವ್ವ ಕೇಳುತ್ತಿದ್ದಳು.

ಆಗ ಬೆಂಕಿಗೆ ಒಲೆ ಇರಲಿಲ್ಲ, ದೀಪ ಇರಲಿಲ್ಲ, ಮನೆ ಅಂತಲೇ ಇರಲಿಲ್ಲ. ಹಸಿವಾದಾಗ ಎಲ್ಲಿ ಬೇಕಾದರಲ್ಲಿ ಉಂಡುಕೊಂಡು ತಿರುಗುತ್ತಿತ್ತು. ಒಂದು ಬೇಸಿಗೆಯ ಮಧ್ಯಾಹ್ನ, ಸಂಕವ್ವ ಬಯಲಿನಲ್ಲಿದ್ದಾಗಲೇ, ಗಾಳಿ ಏದುಸಿರು ಬಿಡುತ್ತ ಓಡಿ ಬಂತು.

“ಸಂಕವ್ವಾ, ಓಡು! ಬೆಂಕಿ ಬರಾಕತ್ತೈತಿ. ನಾ ಎಷ್ಟು ಓಡಿದ್ರೂ ನನ್ನ ಬೆನ್ನು ಬಿಡವಲ್ದು!”

ಮೊಲ ಓಡಿತು. ಚಿಗರಿ ಜಿಗಿಯಿತು. ಬೆಳವನಹಕ್ಕಿ ಹಾರಿತು. ಗೌರಿ ಗಿಡಗಳು ನಿಂತಲ್ಲೇ ನಡುಗಿದವು.

ಸಂಕವ್ವನ ಕಾಲ ಬಳಿ ಇದ್ದ ಒಂದು ಗಿಡ, “ಯವ್ವಾ, ನನಗ ಕಾಲಿಲ್ಲ!” ಎಂದು ಅತ್ತಿತು.

ಸಂಕವ್ವ ಕೂತು ಬರಿಗೈಯಲ್ಲೇ ಮಣ್ಣು ತೋಡಿದಳು. ಉಗುರು ಸೀಳಿತು. ಬಿಡಲಿಲ್ಲ. ಗಡ್ಡೆ ಸಮೇತ ಗಿಡವನ್ನು ಎತ್ತಿ ಎದೆಗೆ ಅವಚಿಕೊಂಡು ಹಳ್ಳದ ಕಡೆ ಓಡಿದಳು. ಬಿದ್ದುಹೋಗುವ ಭಯಕ್ಕೆ ಗಿಡ ತನ್ನ ಎಲೆಗಳ ತುದಿಯನ್ನೆಲ್ಲ ಸುರುಳಿ ಮಾಡಿ ಅವಳ ಬೆರಳುಗಳಿಗೆ ಸುತ್ತಿಕೊಂಡಿತು.

ಇನ್ನೇನು ಹಳ್ಳ ಬಂತು ಅನ್ನುವಷ್ಟರಲ್ಲಿ ಬೆಂಕಿ ನಾಲಿಗೆ ಚಾಚಿ ಹೂವನ್ನು ನೆಕ್ಕಿತು. ಎಸಳುಗಳು ಉರಿ ತಾಳದೆ ಹಿಂದಕ್ಕೆ ಮಡಚಿ ಮೇಲಕ್ಕೆದ್ದು ನಿಂತವು. ಬಿಳಿ ಬಣ್ಣ ಹಳದಿಯಾಯಿತು, ಹಳದಿ ಕೆಂಪಾಯಿತು. ಸಂಕವ್ವ ನೀರಿಗೆ ಧುಮುಕಿದಳು. ಬೆಂಕಿ ದಂಡೆಯಲ್ಲೇ ನಿಂತುಬಿಟ್ಟಿತು.

ಸಂಜೆಗೆ ಬಯಲೆಲ್ಲ ಕಪ್ಪು. ಅಷ್ಟೊಂದು ಗೌರಿ ಗಿಡಗಳಲ್ಲಿ ಉಳಿದದ್ದು ಇದೊಂದೇ.

ಸಂಕವ್ವ ಅದನ್ನು ಹಿತ್ತಲಿನ ಬೇಲಿ ಪಕ್ಕ ನೆಟ್ಟಳು. ಹಳ್ಳದಿಂದ ಕೊಡ ಹೊತ್ತು ತಂದು ನೀರು ಹಾಕಿದಳು. ಎಲೆ ಹಳದಿಯಾಯಿತು. ಇನ್ನೊಂದು ಕೊಡ ಹಾಕಿದಳು. ಕಾಂಡ ಬಾಗಿತು. ಮತ್ತೊಂದು ಕೊಡ ತಂದಳು. ಅಷ್ಟರಲ್ಲಿ ಗಿಡ ಒಣಗಿ ನೆಲಕ್ಕೆ ಬಿದ್ದಿತ್ತು.

“ಸಾಕು ಮಗಳ, ನೀರು ಹಾಕಬ್ಯಾಡ,” ಎಂದಳು ಭೂಮಿತಾಯಿ. “ಗಡ್ಡಿ ಕೊಳೀತೈತಿ. ಕೂಸು ಭಾಳ ಹೆದರೈತಿ. ನನ್ನ ಮಡಿಲಾಗ ಮಲಗಲಿ ಬಿಡು.”

“ಮಲಗೈತೋ, ಸತ್ತೈತೋ?”

“ಮಲಗೈತಿ. ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?”

“ನಂಬಿಕಿ ಐತಿ ತಾಯಿ, ಧೈರ್ಯ ಇಲ್ಲ,” ಎಂದಳು ಸಂಕವ್ವ. ಕೊಡವನ್ನು ಅಲ್ಲೇ ಇಳಿಸಿದಳು.

ಬರಮಪ್ಪ ಗೂಟ ಹಿಡಿದುಕೊಂಡು ಬಂದ. “ಸಂಕವ್ವಾ, ಅದು ಹೋತು ಬಿಡು. ಆ ಜಾಗದಾಗ ಕರುವಿನ ಗೂಟ ಹುಗೀತೀನಿ.”

“ಬ್ಯಾಡ್ರಿ. ಒಳಗ ಮಲಗೈತಂತ.”

ಬರಮಪ್ಪ ಬರಿ ನೆಲವನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಗೂಟವನ್ನು ಬೇರೆ ಕಡೆ ಹುಗಿದ. ಸಂಕವ್ವ ಆ ಜಾಗದ ಸುತ್ತ ಮುಳ್ಳುಕಂಟಿ ಇಟ್ಟಳು. ದಿನಾ ಹೋಗಿ ನೆಲದ ಮೇಲೆ ಅಂಗೈ ಊರುತ್ತಿದ್ದಳು. ಬಿಸಿ ಮಣ್ಣು, ಅಷ್ಟೇ. ಅಗೆದು ನೋಡಿಬಿಡಲೇ ಅನ್ನಿಸುತ್ತಿತ್ತು. ಅಗೆಯದೆ ಎದ್ದು ಬರುತ್ತಿದ್ದಳು.

ಮಳೆ ಬಂತು. ಸುಟ್ಟ ಬಯಲಿನಲ್ಲಿ ಹುಲ್ಲು ಚಿಗುರಿತು. ಗೌರಿ ಮಾತ್ರ ಎಲ್ಲೂ ಕಾಣಲಿಲ್ಲ. ಇನ್ನೊಂದು ಮಳೆ ಬಂತು. ಸಂಕವ್ವನಿಗೆ ಇನ್ನು ತಡೆಯಲಾಗಲಿಲ್ಲ. ಮುಳ್ಳು ಸರಿಸಿ ಮಣ್ಣಿಗೆ ಕೈ ಹಾಕಲು ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತಳು. ಒದ್ದೆ ಮಣ್ಣಿನಲ್ಲಿ ಒಂದು ಸಣ್ಣ ಬಿರುಕು. ಬಿರುಕಿನಲ್ಲಿ ಸೂಜಿಯಂಥ ಹಸಿರು ಮೊನೆ.

“ಯವ್ವಾ,” ಎಂದಿತು ಮೊನೆ, ಇನ್ನೂ ಪೂರ್ತಿ ಹೊರಗೆ ಬಾರದೆ, “ಬೆಂಕಿ ಹೋತೇನು?”

ಸಂಕವ್ವ ಕೆಸರಿನಲ್ಲೇ ಕುಸಿದು ಕೂತಳು. ಇಷ್ಟು ದಿನ ಬಿಗಿಹಿಡಿದಿದ್ದ ಉಸಿರು ಈಗ ಹೊರಗೆ ಬಂತು. ಅಳುತ್ತ ನಕ್ಕಳು. “ಹೋತು ನನ್ನವ್ವಾ, ಹೋತು. ಬಾ, ಹೊರಗ ಬಾ.”

ಬರಮಪ್ಪ ಓಡಿ ಬಂದು ನೋಡಿದ. “ಸದ್ಯ! ಗೂಟ ಹುಗಿದಿದ್ರ ಏನು ಗತಿ ಇತ್ತು!” ಎಂದು ಅವನೂ ಅವಳ ಪಕ್ಕ ಕೆಸರಲ್ಲಿ ಕೂತ.

ಗಿಡ ಬೆಳೆಯಿತು. ಎಲೆಯ ತುದಿಯ ಸುರುಳಿ ಬಿಚ್ಚಲೇ ಇಲ್ಲ. ಬೇಲಿಯ ಕಡ್ಡಿಗಳನ್ನು ಹಿಡಿದುಹಿಡಿದು ಮೇಲೆ ಹತ್ತಿತು. ಹೂವೂ ಬಿಟ್ಟಿತು, ಉರಿಯುವ ಪಂಜಿನ ಹಾಗೆ.

“ನೋವೈತೇನು?” ಎಂದು ಸಂಕವ್ವ ಎಸಳು ಮುಟ್ಟಿ ಕೇಳಿದಳು.

“ಇಲ್ಲವ್ವಾ. ಬಣ್ಣ ಅಷ್ಟ ಉಳಿದೈತಿ.”

ಚಳಿ ಶುರುವಾದಾಗ ಗಿಡ ಆಕಳಿಸಿತು. “ನಾ ಮಲಗ್ತೀನಿ. ಮಳಿ ಬಂದಾಗ ಏಳ್ತೀನಿ.” ಈ ಸಲ ಸಂಕವ್ವ ಕೊಡ ಮುಟ್ಟಲಿಲ್ಲ. ನಿಶ್ಚಿಂತೆಯಿಂದ ಒಣ ಎಲೆ ಗುಡಿಸಿದಳು.

ಮಣ್ಣಿನೊಳಗೆ ಗಡ್ಡೆ ಕವಲೊಡೆದು ಎರಡಾಗಿತ್ತು. ಒಂದನ್ನು ಸಂಕವ್ವ ಮುಂದಿನ ಮಳೆಗೆ ಬಯಲಿಗೆ ಒಯ್ದು ನೆಟ್ಟಳು. ಕಾಡುಹಂದಿ ಅಗೆದು ತಿಂದೀತೆಂದು ಭೂಮಿತಾಯಿ ಗಡ್ಡೆಯೊಳಗೆ ವಿಷ ತುಂಬಿದಳು. ಅದಕ್ಕೇ ಮಕ್ಕಳೇ, ಆ ಗಿಡವನ್ನು ನೋಡಬೇಕು, ಬಾಯಿಗೆ ಮಾತ್ರ ಇಡಬಾರದು. ವರ್ಷ ವರ್ಷ ಗಡ್ಡೆ ಒಡೆಯಿತು, ಬೀಜ ಉದುರಿತು, ಬಯಲು ಮತ್ತೆ ತುಂಬಿತು.

ಇವತ್ತಿಗೂ ಬೇಸಿಗೆಯಲ್ಲಿ ಗೌರಿ ಗಿಡ ಹುಡುಕಿದರೂ ಸಿಗುವುದಿಲ್ಲ. ಮಳೆ ಹಿಡಿದ ಮೇಲೆ ನಿಮ್ಮ ಹಿತ್ತಲಿನ ಬೇಲಿ ಪಕ್ಕ ಹಸಿರು ಮೊನೆಯೊಂದು ಮಣ್ಣು ಸರಿಸಿ ಮೆಲ್ಲಗೆ ಇಣುಕಿದರೆ, ಬೆಂಕಿ ಹೋಯಿತೇ ಎಂದು ಅದು ಕೇಳುತ್ತಿದೆ ಅಂತಲೇ ತಿಳಿಯಿರಿ.