ರೀಲಿಗೆ ಸಿಗದ ತಾಯಿ

ನೋಡುವ ಕಣ್ಣನ್ನೂ ನೋಡಿಸುವ ಬೆಳಕನ್ನೂ ಕರುಣಿಸಿದ ಭಗವಂತನಿಗೆ ಕೈಮುಗಿದು ಈ ಕಥೆ ಹೇಳುತ್ತೇನೆ.

ದೂರದ ಕ್ರೊಯೇಷಿಯಾ ದೇಶದ ಒಂದು ಪುಟ್ಟ ದ್ವೀಪದಲ್ಲಿ ಯೆರ್ಕೊ ಎಂಬ ಸಿನಿಮಾ ನಿರ್ದೇಶಕರಿದ್ದರು. ಮೀನುಗಾರರ ಮಗ. ಬಲೆ ಬಿಟ್ಟು ಸಿನಿಮಾ ಕಲಿತರು, ದೊಡ್ಡ ಊರುಗಳಲ್ಲಿ ಹೆಸರು ಮಾಡಿದರು, ಕೊನೆಗೆ ಕ್ಯಾಮೆರಾ ಹೊತ್ತು ತಮ್ಮ ದ್ವೀಪಕ್ಕೇ ಮರಳಿದರು. ಅವರು ಕೈಮುಗಿಯುತ್ತಿದ್ದುದು ಮೇರಿಮಾತೆಗೆ. ಯಾವ ದೇಶದಲ್ಲಾದರೂ ತಾಯಿ ತಾಯಿಯೇ ಅಲ್ಲವೇ?

ದುನ್ಯಾ ಅವರ ಶಿಷ್ಯೆ. ಕ್ಯಾಮೆರಾಗೆ ರೀಲು ಹಾಕುವುದು ಅವಳ ಕೆಲಸ.

ಒಂದು ದಿನ ದೋಣಿಕಟ್ಟೆಯಲ್ಲಿ ಚಿತ್ರೀಕರಣ. ಮಗನನ್ನು ಪರದೇಶಕ್ಕೆ ಕಳಿಸುವ ತಾಯಿಯ ದೃಶ್ಯ. ತಾಯಿಯಾಗಿ ನಿಂತವಳು ಅದೇ ದ್ವೀಪದ ಲೂತ್ಸಿಯಾ ಅಜ್ಜಿ. ಅಭಿನಯ ಗೊತ್ತಿಲ್ಲ. ಆದರೆ ತನ್ನ ಸ್ವಂತ ಮಗನನ್ನು ಅದೇ ಕಟ್ಟೆಯಿಂದ ಕಳಿಸಿಕೊಟ್ಟವಳು. ಅವನು ತಿರುಗಿ ಬಂದಿರಲಿಲ್ಲ.

"ದೋಣಿ ಹೊರಟಾಗ ಕೈ ಬೀಸಿದರೆ ಸಾಕು ಅಜ್ಜಿ," ಎಂದರು ಗುರುಗಳು.

"ಅಷ್ಟೇ ತಾನೇ? ಅದಕ್ಕೆ ಇಷ್ಟು ಜನ ಬೇಕಿತ್ತೇ?"

ದೋಣಿ ಹೊರಟಿತು. ಅಜ್ಜಿ ಕೈ ಬೀಸಲಿಲ್ಲ. ಕಟ್ಟೆಯ ಮೇಲೆ ಬಿದ್ದಿದ್ದ ಒದ್ದೆ ಹಗ್ಗವನ್ನು ನಿಧಾನವಾಗಿ ಸುತ್ತಿದಳು. ಅದನ್ನು ಶಾಲಿನಲ್ಲಿ ಮುಚ್ಚಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಮನೆಯ ಕಡೆ ನಡೆದಳು.



ದುನ್ಯಾ ಕ್ಯಾಮೆರಾ ತೆರೆದಳು. ಒಳಗೆ ಖಾಲಿ.

"ಗುರುಗಳೇ... ರೀಲು ಹಾಕೇ ಇರಲಿಲ್ಲ."

ಇನ್ನೊಮ್ಮೆ ಮಾಡಿಕೊಡಿ ಎಂದು ಗುರುಗಳೇ ಅಜ್ಜಿಯ ಮನೆಗೆ ಹೋಗಿ ಕೇಳಿಕೊಂಡರು.

"ಕಳಿಸಿಯಾಯಿತಲ್ಲಪ್ಪ," ಎಂದಳು ಅವಳು. "ಮತ್ತೆ ಕಳಿಸುವ ಶಕ್ತಿ ನನಗಿಲ್ಲ."

ಸಂಜೆ ದುನ್ಯಾ ಗಂಟುಮೂಟೆ ಕಟ್ಟಿಕೊಂಡು ಬಂದಳು. ಗುರುಗಳು ಬಾಗಿಲ ಬಳಿ ಕೂತು ಮೀನು ಸ್ವಚ್ಛ ಮಾಡುತ್ತಿದ್ದರು.

"ನಾಳೆ ದೋಣಿಗೆ ಹೊರಡುತ್ತೇನೆ. ಇನ್ನು ಜನ್ಮದಲ್ಲಿ ಕ್ಯಾಮೆರಾ ಮುಟ್ಟುವುದಿಲ್ಲ."

"ರೀಲು ಹಾಕಬೇಕಾದ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ?"

"ಅಜ್ಜಿಯನ್ನೇ ನೋಡುತ್ತಿದ್ದೆ. ದೋಣಿ ಹತ್ತಲು ನಿಂತಿದ್ದ ನಟನ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಅವನು ಅವಳ ಮಗನಲ್ಲ. ಆದರೂ ಕೆಳಗಿನಿಂದ ಕುತ್ತಿಗೆಯವರೆಗೂ ಹಾಕಿದಳು."

ಗುರುಗಳ ಚಾಕು ನಿಂತಿತು.

"ಅಯ್ಯೋ, ನಾನದನ್ನು ನೋಡಲೇ ಇಲ್ಲವಲ್ಲೇ! ಆಮೇಲೆ?"

ದುನ್ಯಾ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಗುರುಗಳು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ಮರೆತದ್ದು ನಿನ್ನ ಕೈ. ಕಣ್ಣು ಏನನ್ನೂ ಮರೆತಿಲ್ಲ. ಕೈಗೆ ನಾಳೆ ಬುದ್ಧಿ ಕಲಿಸೋಣ. ಈಗ ಗಂಟು ಒಳಗಿಟ್ಟು ಮೀನು ಹುರಿ. ಹಸಿವಾಗಿದೆ."

ಅವಳು ಉಳಿದಳು.

ಅಂದಿನಿಂದ ಪ್ರತಿ ದೃಶ್ಯಕ್ಕೂ ಮುಂಚೆ ಗುರುಗಳು ಎಲ್ಲರೆದುರು ಕೂಗುತ್ತಿದ್ದರು: "ದುನ್ಯಾ, ಕ್ಯಾಮೆರಾದ ಹೊಟ್ಟೆ ತುಂಬಿದೆಯೇನೇ?"

ಎಲ್ಲರೂ ನಗುತ್ತಿದ್ದರು. ಬರಬರುತ್ತಾ ಅವಳಿಗೂ ನಗು ಬಂತು.

ಆ ದೃಶ್ಯವಿಲ್ಲದೆಯೇ ಆ ಚಿತ್ರ ತೆರೆ ಕಂಡಿತು. ಗುರುಗಳು ಮತ್ತೂ ಚಿತ್ರಗಳನ್ನು ಮಾಡಿದರು. ಕೆಲವನ್ನು ಸರಕಾರ ತಡೆಹಿಡಿಯಿತು, ಕೆಲವಕ್ಕೆ ಪ್ರಶಸ್ತಿ ಬಂತು. ಎರಡಕ್ಕೂ ಅವರು ದೇವರ ಮುಂದೆ ಮೇಣದಬತ್ತಿ ಹಚ್ಚಿದರು. ದುನ್ಯಾ ತಾನೇ ನಿರ್ದೇಶಕಿಯಾದಳು. ಗುರುಗಳಿಗೆ ವಯಸ್ಸಾಯಿತು. ಕೊಟ್ಟ ಭಗವಂತನೇ ಅವರ ದೃಷ್ಟಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಒಂದು ಮಧ್ಯಾಹ್ನ ಇಬ್ಬರೂ ಅದೇ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು.

"ಗುರುಗಳೇ, ನಿಮ್ಮ ಚಿತ್ರಗಳಲ್ಲಿ ನಿಮಗೆ ತುಂಬ ಪ್ರಿಯವಾದದ್ದು ಯಾವುದು?"

"ನೀನು ರೀಲು ಹಾಕದೆ ಬಿಟ್ಟೆಯಲ್ಲ, ಅದು."

"ಇಷ್ಟು ವರ್ಷವಾದರೂ ಛೇಡಿಸುವುದು ಬಿಡಲಿಲ್ಲವಲ್ಲ ನೀವು!"

"ಛೇಡಿಸುತ್ತಿಲ್ಲ ಮಗಳೇ."

"ಅದನ್ನು ಮತ್ತೆ ನೋಡಲಾಗದಲ್ಲ, ಗುರುಗಳೇ."

"ಉಳಿದವನ್ನೂ ನಾನೀಗ ನೋಡಲಾರೆ."

ಗುರುಗಳು ತಡಕಾಡಿ ಅವಳ ಕೈ ಹಿಡಿದುಕೊಂಡರು.

"ಹೇಳು. ಕೋಟಿನ ಗುಂಡಿಯಿಂದ ಶುರುಮಾಡು."

ಕೇಳಿದ ನಿಮ್ಮೆಲ್ಲರ ಕಣ್ಣಲ್ಲಿ ಬೆಳಕಿರಲಿ. ನಿಮ್ಮ ಮನೆಯಿಂದ ಹೊರಟವರೆಲ್ಲ ಕ್ಷೇಮವಾಗಿ ದಡ ಸೇರಲಿ.