ಹಸಿರು ನಿಲ್ಲುವಷ್ಟು ಹೊತ್ತು

"ಒಂದು ಮಗುವನ್ನು ಆಟದಿಂದ ಬಿಡಿಸಬಹುದೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಇಬ್ಬರೂ ನಡೆದು ದಣಿದು ದಾರಿಬದಿಯ ಕಟ್ಟೆಯ ಮೇಲೆ ಕುಳಿತಿದ್ದರು. ಶಿಷ್ಯ ಊರಿನ ಚಿಕ್ಕ ಮಕ್ಕಳಿಗೆ ಆಟ ಆಡಿಸುತ್ತಲೇ ಬಣ್ಣ ಗುರುತಿಸಲು ಕಲಿಸುತ್ತಿದ್ದ. ಅವನು ಒಂದು ಬಣ್ಣ ಕೂಗಬೇಕು, ಮಕ್ಕಳು ಓಡಿಹೋಗಿ ಆ ಬಣ್ಣದ್ದನ್ನು ಮುಟ್ಟಬೇಕು.

"ಉಳಿದವರೆಲ್ಲ ಕಲಿತರು. ಒಬ್ಬಳು ಮಾತ್ರ ಕೆಂಪು ಎಂದರೆ ಬರಿಗೋಡೆಗೆ ಓಡುತ್ತಾಳೆ. ಮಕ್ಕಳು ನಗುತ್ತವೆ. ಊರಿಗೆ ಮರಳಿದ ಮೇಲೆ ಅವಳನ್ನು ಪಕ್ಕಕ್ಕೆ ಕೂರಿಸೋಣ ಅಂತಿದ್ದೇನೆ."

ಗುರುಗಳು ಕಾಲು ಚಾಚಿ ಕತೆ ಶುರುಮಾಡಿದರು.

ಒಬ್ಬ ಬಣ್ಣಗಾರನಿದ್ದ. ನೇಕಾರರು ತಂದ ಬಿಳಿ ನೂಲನ್ನು ನೀಲಿ ಮಾಡಿ ಕೊಡುವುದು ಅವನ ಕಸುಬು. ಹೆಂಡತಿ ಅಂಗಳದಲ್ಲಿ ನೂಲಿನ ಲಡಿಗಳನ್ನು ಬಣ್ಣದ ಬಾನಿಯಲ್ಲಿ ಅದ್ದಿ, ಎತ್ತಿ, ಬಿದಿರಿನ ಗಳಕ್ಕೆ ಹಾಕುವಳು. ಅವನು ಜಗಲಿಯಲ್ಲಿ ಕುಳಿತು ಒಣಗಿದ ಲಡಿ ಕಟ್ಟುವನು. ಒಬ್ಬಳೇ ಮಗಳು, ಇನ್ನೂ ಚಿಕ್ಕವಳು. ಕೈಕೆಲಸ ಬಿಡದೆ ಅವನು ಅವಳಿಗೆ ಇದೇ ಆಟ ಕಲಿಸಿದ.

"ಯಾವ ಬಣ್ಣ, ಅಪ್ಪಾ?" ಎಂದು ಅವಳು ಕೇಳುವಳು. ಕೆಂಪು ಎಂದರೆ ಹರವಿದ ಮೆಣಸಿನಕಾಯಿ ಮುಟ್ಟುವಳು. ಹಳದಿ ಎಂದರೆ ಅಮ್ಮನನ್ನು ಬಗ್ಗಿಸಿ ಅರಿಸಿನದ ಕೆನ್ನೆ ಮುಟ್ಟುವಳು. ಹಸಿರು ಎಂದರೆ ಮಾತ್ರ, ಪಕ್ಕದಲ್ಲೇ ತುಳಸಿ ಗಿಡವಿದ್ದರೂ, ಗಳದ ಹತ್ತಿರ ಓಡಿ ಆಗತಾನೇ ಹಾಕಿದ ಲಡಿ ಹಿಡಿದುಕೊಳ್ಳುವಳು. ಅವನು ಗಂಟು ಬಿಗಿದು, ಎದ್ದು, ಹೋಗಿ ನೋಡಿದರೆ ಲಡಿ ನೀಲಿ. ಅವಳ ಅಂಗೈಯೂ ನೀಲಿ.

"ಇದು ಹಸಿರೇನೇ?"

"ಇತ್ತು," ಎನ್ನುವಳು.

ಮೊದಮೊದಲು ಅವನಿಗೆ ನಗು ಬಂತು. ಒಂದು ದಿನ ನೂಲು ತಂದ ನೇಕಾರನೊಬ್ಬ ಈ ಆಟ ನೋಡಿ, "ನಿನ್ನ ಮಗಳಿಗೇ ಬಣ್ಣ ಕಾಣೋದಿಲ್ಲವಲ್ಲೋ, ಗಾಣ ತಿರುಗಿಸೋಕೆ ಕಳಿಸಿಬಿಡು" ಎಂದು ತಮಾಷೆ ಮಾಡಿ ಹೋದ. ನೇಕಾರ ಹೋದ, ಮಾತು ಹೋಗಲಿಲ್ಲ. ಕಣ್ಣು ಸರಿಯಿಲ್ಲದವಳು ಈ ಮನೆಯಲ್ಲಿ ಬೆಳೆದು ಮಾಡುವುದೇನು? ಅವಳ ಸೋದರಮಾವ ನಿಜಕ್ಕೂ ಗಾಣದವನೇ. ಅಲ್ಲೇ ಬೆಳೆಯಲಿ ಎಂದು ಬಣ್ಣಗಾರ ಹೇಳಿಕಳಿಸಿದ.

ಹೆಂಡತಿ ಅತ್ತಳು. "ಬಾನಿಯಿಂದ ಎತ್ತಿದಾಗ ಅದು ಹಸಿರಾಗೇ ಇರುತ್ತೆ ಕಣ್ರೀ. ಗಾಳಿ ತಾಗಿದ ಮೇಲಲ್ಲವೇ ನೀಲಿ?"

"ಅದು ಹಸಿರಲ್ಲ, ಇನ್ನೂ ಆಗದ ನೀಲಿ. ಹುಟ್ಟಿದಾಗಿನಿಂದ ನೋಡಿದ್ದೇನೆ, ನನಗೆ ಹೇಳಿಕೊಡಬೇಡ."

ಮಾವ ಬಂದ ದಿನ ಹೆಂಡತಿ ಒಳಗೆ ಮಗಳ ಬಟ್ಟೆ ಗಂಟು ಕಟ್ಟುತ್ತಿದ್ದಳು. ಬಾನಿಯಲ್ಲಿದ್ದ ನೂಲನ್ನು ಬಣ್ಣಗಾರನೇ ಎತ್ತಬೇಕಾಯಿತು. ಮಗಳು ಅವನ ಹೆಗಲೇರಿದ್ದಳು.

"ಯಾವ ಬಣ್ಣ, ಅಪ್ಪಾ?"

ಅವನು ಒಂದು ಲಡಿ ಎತ್ತುತ್ತ, "ಹಸಿರು," ಎಂದ.

ಅವಳು ಇಳಿಯಲಿಲ್ಲ. ಬಗ್ಗಿ, ಅವನ ಕೈಯಲ್ಲಿದ್ದ ಲಡಿಯನ್ನೇ ಮುಟ್ಟಿದಳು.

ಅವನು ನೋಡಿದ. ಲಡಿ ಭತ್ತದ ಎಳೆ ಸಸಿಯ ಹಾಗಿತ್ತು. ನೋಡುತ್ತಿದ್ದಂತೆ ಎಳೆಯಿಂದ ಎಳೆಗೆ ನೀಲಿ ಇಳಿಯಿತು, ಮಗುವಿಗೆ ನಿದ್ದೆ ಹತ್ತುವ ಹಾಗೆ. ಹಸಿರು ಎಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಾಗಲಿಲ್ಲ. ಹೀಗೆ ಕಡೆಯವರೆಗೆ ನೋಡಿದ್ದು ಯಾವ ಕಾಲದಲ್ಲೋ, ತನ್ನ ಅಪ್ಪನ ಹೆಗಲ ಮೇಲೆ.

"ಹೋಯ್ತು," ಎಂದಳು ಮಗಳು, ಅವನ ಕಿವಿಯ ಹತ್ತಿರ. "ಇನ್ನೊಂದು ಎತ್ತು."

ಎತ್ತಿದ. ಮತ್ತೊಂದು ಎತ್ತಿದ. ಮಾವ ಬಾಗಿಲಲ್ಲಿ ಕೂತೇ ಇದ್ದ. ಕಡೆಗೆ ಊಟ ಮಾಡಿ ಒಬ್ಬನೇ ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅದು ನೂಲು, ಬದಲಾಯಿತು. ಗೋಡೆ ಬದಲಾಗುವುದಿಲ್ಲವಲ್ಲ, ಗುರುಗಳೇ?" ಎಂದ.

ಗುರುಗಳು ಎದ್ದು ಜೋಳಿಗೆ ಹೆಗಲಿಗೇರಿಸಿದರು.

"ಅವಳು ಗೋಡೆ ಮುಟ್ಟಿದಾಗ ನೀನು ಎಲ್ಲಿ ನಿಂತಿದ್ದೆ?"

"ದೂರದಲ್ಲಿ, ಬಣ್ಣ ಕೂಗಿದ ಜಾಗದಲ್ಲೇ," ಎಂದ ಶಿಷ್ಯ, ಎದ್ದು ಗುರುಗಳ ಹಿಂದೆ ನಡೆದ.