ಗುರುವಾರದ ಕಾರಿನ ನಾತ

ಹರಿಹರದ ಪೇಟೆಯಲ್ಲಿ ಮೂಗಿಗೆ ಬಹುಮಾನ ಕೊಡೋ ಪದ್ಧತಿ ಇದ್ದಿದ್ದರೆ ಅದು ನಿಜಗುಣನಿಗೇ ಬರುತ್ತಿತ್ತು. ಮೂರು ಮನೆ ಆಚೆ ಒಗ್ಗರಣೆ ಸೀದರೂ ಅವನಿಗೆ ಗೊತ್ತಾಗೋದು. ಮೂಗಿನಿಂದ ಮೇಲಿನ ಭಾಗವನ್ನು ಮಾತ್ರ ದೇವರು ಅವಸರದಲ್ಲಿ ಮುಗಿಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಎಳ್ಳಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

“ಇವನಿಗೆ ಬುದ್ಧಿ ಹೇಳಿ ಹೇಳಿ ನನ್ನ ಬುದ್ಧೀನೇ ಖಾಲಿಯಾಯ್ತು” ಅನ್ನೋಳು ತಾಯಿ ಗಂಗಮಾಳವ್ವ.

ಅವಳಿಗಿದ್ದದ್ದು ಒಬ್ಬ ಮಗ, ಒಂದು ಹಳೇ ಬಾಡಿಗೆ ಕಾರು. ಮಗ ಓಡಿಸೋನು, ತಾಯಿ ಗಿರಾಕಿ ಹಿಡಿಯೋಳು. ಮದುವೆ ಕಾಲದಲ್ಲಿ ಬಾಡಿಗೆ ಬರೋದು. ಉಳಿದ ಕಾಲದಲ್ಲಿ ಕಾರಿನ ಮೇಲೆ ಪಕ್ಕದ ಮನೆ ಕೋಳಿ ಮಲಗೋದು. ವಾರ ತಪ್ಪದ ಗಿರಾಕಿ ಅಂದರೆ ಇಂಗಿನ ವ್ಯಾಪಾರಿ ಮುರಿಗೆಪ್ಪ ಒಬ್ಬರೇ. ಪ್ರತಿ ಗುರುವಾರ ಇಂಗಿನ ಚೀಲ ಡಿಕ್ಕಿಗೆ ಹಾಕಿ ಸಂತೆಗೆ ಹೋಗೋರು. ಮೂವತ್ತು ವರ್ಷ ಇಂಗು ಮಾರಿದ ಮೂಗು. ಇಂಗಿನ ವಾಸನೆ ಒಂದು ಬಿಟ್ಟು ಮಿಕ್ಕೆಲ್ಲ ವಾಸನೆಯೂ ಅದಕ್ಕೆ ತಿಳಿಯುತ್ತಿತ್ತು.

ಒಂದು ಗುರುವಾರ ಅವರು ಕಾರಿಂದ ಇಳಿದವರೇ ಶಲ್ಯವನ್ನು ಮೂಗಿಗೆ ಹಿಡಿದರು. “ಗಂಗಮಾಳವ್ವ, ನಿನ್ನ ಕಾರು ನಾರುತ್ತೆ. ಬರೋ ವಾರಾನೂ ಹೀಗೇ ಇದ್ರೆ ಬೇರೆ ಕಾರು ನೋಡ್ಕೋತೀನಿ.”

ಗಂಗಮಾಳವ್ವ ಓಡಿ ಬಂದಳು. ಕಾರಿನೊಳಗೆ ತಲೆ ಹಾಕಿದಳು. ಏಸಿ ನೀರು ಇಳಿದು ಕಾಲಡಿಯ ಮ್ಯಾಟು ಮುಗ್ಗಲು ಹಿಡಿದಿತ್ತು.

“ನಾಳೆ ಕಾರಲ್ಲಿ ಒದ್ದೆ ಇರೋದನ್ನೆಲ್ಲ ತೆಗೆದು ಬಿಸಿಲಿಗಿಡು” ಅಂದಳು.

“ಎಲ್ಲಾನೂ?”

“ಎಲ್ಲಾನೂ.”

ಮಾರನೇ ದಿನ ಸಂಜೆ ನೋಡ್ತಾಳೆ, ಅಂಗಳದಲ್ಲಿ ಮ್ಯಾಟು. ಅದರ ಪಕ್ಕ ಒಂದು ಬೋಗುಣಿ ನೀರು. ಅದರ ಪಕ್ಕ, ಮೊನ್ನೆ ಬಾಡಿಗೆಗೆ ಬಂದಿದ್ದ ಶಾಲೆ ಮೇಷ್ಟ್ರು ಸೀಟಿನಡಿ ಮರೆತುಹೋಗಿದ್ದ ಮಾವಿನ ಉಪ್ಪಿನಕಾಯಿ ಚಾಪೆ ತುಂಬಾ ಹರಡಿದೆ, ಕಾಗೆ ಕೂತಿದೆ.

“ಮ್ಯಾಟು ಒಣಗ್ತು ಅವ್ವ. ಈ ನೀರೊಂದು ಒಣಗಲೊಲ್ಲದು.”

“ಯಾವ ನೀರೋ ಇದು?”

“ರೇಡಿಯೇಟರ್‌ದು. ಇಡೀ ಕಾರಲ್ಲಿ ಅದರಷ್ಟು ಒದ್ದೆ ಯಾವುದೂ ಇರಲಿಲ್ಲ.”

ಗಂಗಮಾಳವ್ವ ಹಣೆ ಹಣೆ ಚಚ್ಚಿಕೊಂಡಳು. “ಮೊದಲು ನೀರು ವಾಪಸ್ ಹುಯ್ಯಿ. ಮೇಷ್ಟ್ರಿಗೆ ನಾನೇನು ಹೇಳ್ಲಿ? ಇನ್ಮೇಲೆ ಕಾರಿಂದ ಏನೇ ತೆಗೀಬೇಕಾದ್ರೂ ಯಾರದು ಅಂತ ಕೇಳಿ ತೆಗಿ.”

“ಆಗಲಿ ಅವ್ವ.”

ಮಂಗಳವಾರ ಮತ್ತೆ ನಾತ. ನಿಜಗುಣ ಮೂಸುತ್ತಾ ಹೋದ. ಹಿಂದಿನ ಸೀಟಿನಡಿ ಇಲಿ ಸತ್ತು ಬಿದ್ದಿದೆ. ಮುಟ್ಟಲಿಲ್ಲ. ಕಾರು ತೆಗೆದು ಬೀದಿಗೆ ಹೊರಟ. ಮನೆ ಮನೆ ಮುಂದೆ ನಿಲ್ಲಿಸೋದು, ಬಾಗಿಲು ತೆರೆಯೋದು.

“ಅಕ್ಕ, ಈ ಇಲಿ ನಿಮ್ಮದಾ?”

“ಥೂ, ಮುಚ್ಚೋ ಬಾಗಿಲು!”

ಹಿಟ್ಟಿನ ಗಿರಣಿ ಚನ್ನವೀರಪ್ಪನ ಹತ್ತಿರ ಮಾತ್ರ ಸ್ವಲ್ಪ ಜಗ್ಗಾಡಿದ. “ನಿಮ್ಮದೇ ಇರಬೇಕಣ್ಣ. ಮೀಸೆಗೆ ಹಿಟ್ಟು ಹತ್ತಿದೆ.”

“ನನ್ನ ಇಲಿಗಳೆಲ್ಲ ಮನೇಲೇ ಇದಾವಪ್ಪ, ಬೆಳಿಗ್ಗೆ ಎಣಿಸೀನಿ” ಅಂದ ಚನ್ನವೀರಪ್ಪ.

ಸಂಜೆ ಹೊತ್ತಿಗೆ ಗಂಗಮಾಳವ್ವನ ಕಾರಿನ ನಾತ ಊರಿಗೆಲ್ಲ ಗೊತ್ತಾಗಿತ್ತು.

“ಮುರಿಗೆಪ್ಪ ಸಾವ್ಕಾರ್ರ ಕಿವಿಗೆ ಬಿದ್ರೆ ಮುಗೀತು ನಮ್ಮ ಕತೆ” ಅಂತ ಅವಳು ಸೆರಗು ಕಚ್ಚಿದಳು. “ಕೇಳು. ನಾತ ಹೊಡೆಯೋದು ಏನೇ ಸಿಗಲಿ, ಯಾರನ್ನೂ ಕೇಳಬೇಡ, ಮಾತಾಡಬೇಡ. ಊರಾಚೆ ಒಯ್ದು ಬಿಟ್ಟು, ಹಿಂದೆ ತಿರುಗಿ ನೋಡದೆ ಬಾ.”

ಇಲಿಯನ್ನು ಹೇಳಿದ ಹಾಗೇ ಊರಾಚೆ ಬಿಟ್ಟು ಬಂದ. ಬುಧವಾರ ತಾಯಿಯೇ ನಿಂತು ಕಾರು ತೊಳೆಸಿದಳು. ಮೂಸಿದಳು. ಏನೂ ಇಲ್ಲ.

ಗುರುವಾರ ಮುರಿಗೆಪ್ಪ ಬಂದರು. ಚೀಲ ಡಿಕ್ಕಿಗೆ ಹಾಕಿಸಿದರು, ಕೂತರು, ಉಸಿರೆಳೆದರು. “ಈಗ ಸರಿ ಹೋಯ್ತು ನೋಡು.”

ಗಂಗಮಾಳವ್ವ ನಿರಾಳವಾಗಿ ಅಕ್ಕಿ ಆರಿಸೋಕೆ ಕೂತಳು. ಮೊರದ ಅಕ್ಕಿ ಮುಗಿಯೋ ಮೊದಲೇ ಕಾರು ವಾಪಸ್ ಬಂತು.

“ಸಾವ್ಕಾರ್ರು ಎಲ್ಲೋ?”

“ಊರಾಚೆ ಜಾಲಿಮರದ ಹತ್ರ ಬಿಟ್ಟು ಬಂದೆ. ಅವರು ಹತ್ತಿದ ಮೇಲೇ ನಾತ ಶುರುವಾಯ್ತು. ನಾನು ಕೇಳಲಿಲ್ಲ, ಮಾತಾಡಲಿಲ್ಲ, ಇಳಿಸಿದೆ. ಕೂಗಿದ್ರು, ತಿರುಗಿ ನೋಡಲಿಲ್ಲ.” ಆಮೇಲೆ ಮೂಗರಳಿಸಿ, “ಆದ್ರೂ ಹೋಗಿಲ್ಲ ನೋಡವ್ವ. ಇನ್ನೊಂದು ಸ್ವಲ್ಪ ದೂರ ಬಿಡಬೇಕಿತ್ತೇನೋ” ಅಂದ.

ಗಂಗಮಾಳವ್ವ ಡಿಕ್ಕಿ ತೆರೆದಳು. ಇಂಗಿನ ಚೀಲ ಅಲ್ಲೇ ಕೂತಿತ್ತು.

“ಓಡೋ, ಇದ್ದೊಬ್ಬ ಗಿರಾಕೀನ ಜಾಲಿಮರಕ್ಕೆ ಕೊಟ್ಟು ಬಂದ್ಯಲ್ಲೋ. ಹೋಗಿ ಸಂತೆ ಮುಟ್ಟಿಸು. ನಾತ ಬರೋದನ್ನ ಮೇಲೆ ಕ್ಯಾರಿಯರ್‌ಗೆ ಕಟ್ಟು, ಒಳಗಿಡಬೇಡ.”

ಸಂಜೆ ಬಾಗಿಲಲ್ಲಿ ಕಾದಳು. ಕಾರು ಬಂತು. ಒಳಗೆ ಯಾರೂ ಇಲ್ಲ. ಮೇಲೆ ಕ್ಯಾರಿಯರ್‌ನಲ್ಲಿ ಮುರಿಗೆಪ್ಪ, ಸೊಂಟಕ್ಕೆ ಹಗ್ಗ, ತೊಡೆ ಮೇಲೆ ಖಾಲಿ ಚೀಲ.

“ಸಾವ್ಕಾರ್ರು, ಚೀಲ, ಇಬ್ಬರನ್ನೂ ಮೂಸಿ ನೋಡಿದೆ ಅವ್ವ” ಅಂದ ನಿಜಗುಣ. “ಒಂದೇ ವಾಸನೆ.”

ಗಂಗಮಾಳವ್ವ ಕಾಲಿಗೆ ಬೀಳೋಕೆ ಹೋದಳು. ಮುರಿಗೆಪ್ಪ ಕೆಳಗಿಳಿದು ಕೆದರಿದ ಕೂದಲು ಸವರಿಕೊಂಡರು.

“ಹೋಗ್ತಾ ಬೈದೆ ನಿನ್ನ ಮಗನ್ನ, ಬಾಯಿ ನೋಯೋವರೆಗೂ. ಸಂತೆಗೆ ಹೋದ್ರೆ ಕಾರಿನ ಮೇಲೆ ಯಾರೋ ಬಂದಾರೆ ಅಂತ ಇಡೀ ಸಂತೆ ಬಂದು ಮುತ್ತಿಕೊಳ್ತು. ಮಧ್ಯಾಹ್ನಕ್ಕೇ ಚೀಲ ಖಾಲಿ. ಬರೋ ಗುರುವಾರಾನೂ ಮೇಲೇ ಕೂತ್ಕೋತೀನಿ. ಕೂರೋಕೆ ಒಂದು ದಿಂಬು ಹಾಕಿಸು, ಅಷ್ಟೇ.”

ಗಂಗಮಾಳವ್ವನಿಗೆ ಹೋದ ಜೀವ ಬಂತು. “ಹೋಗು ಮಗನೇ, ನನ್ನ ದಿಂಬು ತಗೊಂಡು ಬಾ.”

ನಿಜಗುಣ ಒಳಗೆ ಹೋಗಿ ದಿಂಬು ತಂದ. ಹೊಸ್ತಿಲಲ್ಲಿ ನಿಂತು ಒಮ್ಮೆ ಮೂಸಿದ. ಹತ್ತು ವರ್ಷದ ತಲೆಎಣ್ಣೆ. ಯಾರನ್ನೂ ಕೇಳಲಿಲ್ಲ, ಮಾತಾಡಲಿಲ್ಲ. ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ತಾಯಿ ಕೂಗುತ್ತಿದ್ದರೂ ಹಿಂದೆ ತಿರುಗಿ ನೋಡದೆ, ಊರಾಚೆ ಹೊರಟ.